ಅತ್ತಿಗೆಯ ಮಾತನ್ನು ನಾನು ಊರ ಮುಂದಿಟ್ಟ ಮಳೆಗಾಲ

ಹೋದ ವಾರ ಸುರಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಭೀಮರಾಯನಗುಡಿ ದಾಟುವಾಗ ಗಾಳಿಯ ಜೊತೆ ಒಂದು ವಾಸನೆ ಒಳಗೆ ಬಂತು. ಬಿಸಿಲಿಗೆ ಬಿರಿದು ಬಿದ್ದಿದ್ದ ಕಾಲುವೆಗೆ ಆವತ್ತು ಬೆಳಿಗ್ಗೆಯೇ ನೀರು ಬಿಟ್ಟಿದ್ದರು. ಒಣಗಿದ ಪಾಚಿ, ಸತ್ತ ಮೀನು, ಕಾದ ಸಿಮೆಂಟು, ಎಲ್ಲದರ ಮೇಲೆ ನಾರಾಯಣಪುರದ ಅಣೆಕಟ್ಟಿನಿಂದ ಬಂದ ಕೆಂಪು ನೀರು ಹರಿದಾಗ ಏಳುತ್ತದಲ್ಲ, ಆ ವಾಸನೆ. ಸೆರಗಿನ ತುದಿ ಮೂಗಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ ಕೈಚೀಲಕ್ಕೆ ಕೈ ಹಾಕಿದಳು.

“ವಾಂತಿ ಬರಾಕತ್ತದೇನ್ರಿ ಅಕ್ಕಾರ?”

“ಇಲ್ರಿ, ಏನೋ ನೆನಪಾತು.”

“ನೆನಪಿಗೂ ನಡೀತದ, ಹಿಡೀರಿ,” ಅಂತ ಒಂದು ನಿಂಬೆಹಣ್ಣು ಕೈಗಿಟ್ಟಳು.

ಅದನ್ನು ಮೂಸುತ್ತ ಕೂತೆ. ನೆನಪು ನಿಲ್ಲಲಿಲ್ಲ.

ಐದು ವರ್ಷದ ಹಿಂದೆ ನಾನು ಅದೇ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಒಂದು ಕಚೇರಿಯಲ್ಲಿ ಟಪಾಲು ಶಾಖೆಯ ಗುಮಾಸ್ತಳಾಗಿದ್ದೆ. ಬಂದ ಕಾಗದ, ಹೋದ ಕಾಗದ ದಾಖಲು ಮಾಡುವುದು, ಮೊಹರು ಹೊಡೆಯುವುದು, ಇಷ್ಟೇ ಕೆಲಸ. ಅಣ್ಣನಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ನೌಕರಿ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಣ್ಣ, ಅತ್ತಿಗೆ, ನಾನು, ನಮ್ಮಪ್ಪನ ತಾಯಿ ಆಯಿ. ಅತ್ತಿಗೆಯ ಹೆಸರು ಬರೆಯುವುದಿಲ್ಲ. ಸುರಪುರದ ಮಗಳು, ಹತ್ತನೆಯ ಇಯತ್ತೆ ಪಾಸಾದವಳು, ರೊಟ್ಟಿ ಬಡಿಯುವಾಗ ಗೋಡೆಯ ಮೇಲಿನ ಕ್ಯಾಲೆಂಡರು ಅದುರುವಷ್ಟು ಕೈ ಜೋರು, ಮಾತು ಮಾತ್ರ ಅಳತೆಯದ್ದು. ಇಷ್ಟು ಸಾಕು.

ನಾನು ಮಾತು ಕಲಿತದ್ದು ಆಯಿಯ ತೊಡೆಯ ಮೇಲೆ. ಆಯಿ ಕತೆ ಹೇಳಲು ಕೂತಳೆಂದರೆ ಒಲೆಯ ಮೇಲಿನ ಸಾರು ಕುದಿಯುವುದನ್ನು ಮರೆಯಬೇಕು. ಆದರೆ ಅವಳ ಕತೆಗೆ ಒಂದು ಚಮತ್ಕಾರವಿತ್ತು. ಓಣಿಯ ಒಬ್ಬ ಸೊಸೆ ಅತ್ತೆಯ ಕೂಡ ಜಗಳ ತೆಗೆದು ತವರಿಗೆ ಹೋದ ಕತೆ ಹೇಳುತ್ತಿದ್ದಾಳೆ ಅನ್ನಿ. ಅಷ್ಟರಲ್ಲಿ ಆ ಸೊಸೆಯ ತಂಗಿ ಮಜ್ಜಿಗೆ ಕೇಳಲು ಬಾಗಿಲಿಗೆ ಬಂದರೆ, ಆಯಿ ಉಸಿರು ಕೂಡ ಬದಲಿಸದೆ, “ಆಗ ನೋಡು, ಆ ಎಮ್ಮಿ ಹಗ್ಗ ಹರಕೊಂಡು ಓಡಿದ್ದೇ ಓಡಿದ್ದು!” ಅನ್ನುವಳು. ಮುಂದೆ ಕಾಲು ಗಂಟೆ ಎಮ್ಮೆಯದೇ ಕತೆ. ಮಜ್ಜಿಗೆ ಇಸಕೊಂಡವಳು ತಿರುವು ದಾಟಿದ ಮೇಲೆ ಎಮ್ಮೆ ಮತ್ತೆ ಸೊಸೆಯಾಗುತ್ತಿತ್ತು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅವಳ ಮಾತು, ಅವಳ ಲಯ, ಎಲ್ಲಾ ನಾನು ಎತ್ತಿಕೊಂಡೆ. ಬಾಗಿಲ ಕಡೆ ಒಂದು ಕಣ್ಣಿಟ್ಟಿರಬೇಕು ಅನ್ನುವುದನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

ಆಗಷ್ಟೇ ಫೇಸ್‌ಬುಕ್ಕಿನಲ್ಲಿ ಬರೆಯುವ ಹುಚ್ಚು ಹಿಡಿದಿತ್ತು. ಆಯಿಯ ಬೈಗುಳ, ಬಸ್ಸಿನಲ್ಲಿ ಕೇಳಿದ ಜಗಳ, ಶಹಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸುವವರ ನಖರೆ. ಓದಿದವರು ‘ಅಕ್ಕಾ, ನಮ್ಮನಿ ಕತಿನೇ ಬರದೀರಿ’ ಅನ್ನುತ್ತಿದ್ದರು. ಕಚೇರಿಯಲ್ಲಿ ಮೊಹರು ಹೊಡೆಯುತ್ತ ಹೊಡೆಯುತ್ತ ಮೊಬೈಲಿನ ಕಡೆ ಕಣ್ಣು ಹೋಗುತ್ತಿತ್ತು. ನಮ್ಮ ಊರಿನ ಒಟ್ಟು ಮಂದಿಗಿಂತ ಹೆಚ್ಚು ಜನ ನನ್ನ ಮಾತು ಕೇಳುತ್ತಾರೆ ಅನ್ನುವುದು ಒಂದು ನಶೆಯೇ ಸೈ. ದಿನಾ ಏನಾದರೂ ಬರೆಯಬೇಕು ಅನಿಸುತ್ತಿತ್ತು. ದಿನಾ ಬರೆಯಲು ನನ್ನ ಬದುಕಿನಲ್ಲಿ ಅಷ್ಟು ಸರಕು ಎಲ್ಲಿತ್ತು? ಹೀಗಾಗಿ ಮನೆಯವರ ಬದುಕಿಗೆ ಕೈ ಹಾಕಿದೆ.

ಆ ವರ್ಷ ಮಳೆ ಬರುವ ಮುನ್ನ ಕೌದಿ ಹೊಲಿಯಲು ಕೂತರು. ಹಳೆ ಸೀರೆ, ಹಳೆ ಧೋತರ, ಯಾರ್ಯಾರೋ ಕೊಟ್ಟ ತುಂಡು, ಎಲ್ಲಾ ಪದರು ಪದರಾಗಿ ಹಾಸಿ, ನಾಲ್ಕು ಮೂಲೆಯಿಂದ ಸುತ್ತಿಕೊಂಡು ಹೊಲಿಗೆ ಹಾಕುತ್ತ ನಡುವಿಗೆ ಬರಬೇಕು. ವಾರಗಟ್ಟಲೆಯ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಆಯಿ ಒಂದು ಬದಿ, ಅತ್ತಿಗೆ ಒಂದು ಬದಿ. ರವಿವಾರವಾದ್ದರಿಂದ ನಾನೂ ಸೂಜಿ ಹಿಡಿದು ಕೂತಿದ್ದೆ. ಹೊರಗೆ ಬೇವಿನ ಮರದಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ.

ಅತ್ತಿಗೆ ತಲೆ ಎತ್ತದೆ, ದಾರ ಹಲ್ಲಿನಿಂದ ಹರಿದು, “ಆಯಿ, ಮೂರು ತಿಂಗಳಾಗ್ಯಾವ,” ಅಂದಳು.

ಆಯಿಯ ಸೂಜಿ ನಿಂತಿತು. ನನ್ನದೂ.

ಅತ್ತಿಗೆಗೆ ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು. ಒಮ್ಮೆ ಮೂರರಲ್ಲಿ, ಇನ್ನೊಮ್ಮೆ ನಾಲ್ಕು ತುಂಬುವಾಗ. ಎರಡೂ ಸಲ ಸುದ್ದಿ ತಿಳಿದ ದಿನವೇ ಎರಡೂ ಕಡೆಯ ಬಳಗ ಮನೆ ತುಂಬಿತ್ತು. ಅದು ತಿನ್ನು, ಇದು ಮುಟ್ಟಬೇಡ, ಆ ಗುಡಿಗೆ ಹೋಗು, ಈ ದರ್ಗಾಕ್ಕೆ ಬೇಡಿಕೋ. ಹೋದ ಮೇಲೆ ಅದೇ ಮಂದಿ ಅದೇ ಬಸ್ಸಿಗೆ ಮತ್ತೆ ಬಂದು ಅತ್ತಿದ್ದರು.

“ತಮ್ಮನಿಗೆ ಹೇಳೀಯಿಲ್ಲೋ?” ಆಯಿ ಕೇಳಿದಳು. ಅಣ್ಣನನ್ನು ಅವಳು ಹಾಗೇ ಕರೆಯುವುದು.

“ಅವರಿಗೆ ಗೊತ್ತದ. ಈಗ ನಿಮಗಿಬ್ಬರಿಗೆ. ಐದು ತುಂಬೂತನ ನಮ್ಮವ್ವಗೂ ಹೇಳಾಂಗಿಲ್ಲ.” ಸೂಜಿಗೆ ಮತ್ತೆ ದಾರ ಪೋಣಿಸುತ್ತ ಅತ್ತಿಗೆ ಮೆಲ್ಲಗೆ ಅಂದಳು: “ಈ ಸಲ ಹೋದ್ರ, ನಾನೊಬ್ಬಾಕಿನೇ ಅಳಬೇಕಂತ ಮಾಡೀನಿ. ಹೋದ ಸಲ ಬಂದವರನ್ನ ಸಮಾಧಾನ ಮಾಡೂದ್ರಾಗ ನನಗ ಅಳಾಕ ಯಾಳ್ಯಾನೇ ಸಿಗಲಿಲ್ಲ.”

ಆಯಿ ಕೌದಿಯ ಅಂಚು ತನ್ನ ಕಡೆ ಎಳೆದುಕೊಂಡು ಅತ್ತಿಗೆಯ ಪಾಲಿನ ಹೊಲಿಗೆಯನ್ನೂ ತಾನೇ ಹಾಕತೊಡಗಿದಳು. ನಾನೂ ಸುಮ್ಮನಿದ್ದೆ. ಆದರೆ ನನ್ನ ಸುಮ್ಮನಿರುವುದು ಬೇರೆ ತರಹದ್ದು. ಎಂಥಾ ಮಾತು ಆಡಿಬಿಟ್ಟಳು ಅಂತ ನಾನು ಆ ವಾಕ್ಯವನ್ನು ಒಳಗೊಳಗೇ ಹೊರಳಿಸಿ ನೋಡುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಖರೇ ಹೇಳುತ್ತೇನೆ. ಅವಳ ಹೆದರಿಕೆಗಿಂತ ಮೊದಲು ನನಗೆ ಅವಳ ವಾಕ್ಯ ಕಂಡಿತು.

ನಾಲ್ಕು ದಿನ ತಡೆದೆ. ಐದನೆಯ ದಿನ ಕಚೇರಿಯ ಊಟದ ಹೊತ್ತಿನಲ್ಲಿ ಕೂತು ಬರೆದೆ. ಬಹಳ ಜೋಪಾನವಾಗಿ ಬರೆದೆನೆಂದೇ ನಂಬಿದ್ದೆ. ಅತ್ತಿಗೆಯನ್ನು ‘ನನ್ನ ಗೆಳತಿ’ ಮಾಡಿದೆ. ಊರನ್ನು ಎತ್ತಿ ಭೀಮಾ ನದಿಯ ದಂಡೆಗೆ ಇಟ್ಟೆ. ಅಣ್ಣನನ್ನು ಶಾಲೆಯ ಮಾಸ್ತರ ಮಾಡಿದೆ. ಆ ಮಾತನ್ನು ಮಾತ್ರ ಒಂದಕ್ಷರ ಅಲುಗಿಸದೆ ಹಾಗೇ ಕೊನೆಗಿಟ್ಟೆ. ಬರೀ ಅಕ್ಷರವಿದ್ದರೆ ಮಂದಿ ನಿಲ್ಲುವುದಿಲ್ಲವಲ್ಲ, ಅದಕ್ಕೆ ಒಂದು ಫೋಟೋ ಹಾಕಿದೆ. ಯಾರ ಮುಖವೂ ಇಲ್ಲದ ಫೋಟೋ. ಮಂಚದ ಮೇಲೆ ಹಾಸಿದ ಅರ್ಧ ಹೊಲಿದ ಕೌದಿ, ಅದಕ್ಕೆ ಸಿಕ್ಕಿಸಿದ ಸೂಜಿ.

ನಮ್ಮ ಕಡೆ ಹುಟ್ಟಿದ ಯಾವ ಹೆಣ್ಣೂ ಮಾಡಬಾರದ ತಪ್ಪು ಅದು. ಕೌದಿಗೆ ಮುಖ ಬೇಕೇನು? ಸಣ್ಣವಳಿದ್ದಾಗ ಕೌದಿಯ ಮೇಲೆ ಬೋರಲು ಮಲಗಿಯೇ ನಾನು ಬಳಗ ಗುರುತಿಸಲು ಕಲಿತವಳು. ಇದು ಅತ್ತೆಯ ಮದುವೆ ಸೀರೆ, ಇದು ಮುತ್ಯಾನ ಧೋತರದ ಅಂಚು, ಇದು ದೊಡ್ಡಕ್ಕನ ಸಾಲಿ ಲಂಗ. ಬಟ್ಟೆ ಕೊಟ್ಟವಳು ಸಾಯುವ ತನಕ ತನ್ನ ತುಂಡು ಮರೆಯುವುದಿಲ್ಲ. ನಮ್ಮ ಆ ಕೌದಿಯ ನಟ್ಟನಡುವೆ ಒಂದು ಗಿಳಿಹಸಿರು ಇಳಕಲ್ ಸೀರೆಯ ತುಂಡಿತ್ತು. ದೀಪದ ಕಿಡಿ ಬಿದ್ದು ಸುಟ್ಟ ತೂತಿಗೆ ಹಳದಿ ಕುಪ್ಪಸದ ಬಟ್ಟೆಯನ್ನು ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸಿ ತೇಪೆ ಹಾಕಿದ್ದು. ಚೆಂದ ಕಾಣುತ್ತದೆಂದು ಅತ್ತಿಗೆಯೇ ಅದನ್ನು ನಡುವಿಗಿಟ್ಟಿದ್ದಳು.

ಎರಡು ದಿನ ನನಗೆ ನೆಲ ಕಾಣಲಿಲ್ಲ. ಯಾವ್ಯಾವುದೋ ಊರಿನವರು ಓದಿದರು, ಅತ್ತರು, ಹಂಚಿದರು. ಮೂರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ಅತ್ತಿಗೆ ಓಣಿಯ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ಸುರಪುರದಿಂದ ಬಂದ ಮೊದಲ ಬಸ್ಸಿಳಿದು, ಎರಡೂ ಕೈಯಲ್ಲಿ ಚೀಲ ಹಿಡಿದು, ಅತ್ತಿಗೆಯ ದೊಡ್ಡವ್ವ ಬಂದಳು. ಅತ್ತಿಗೆಯ ತಾಯಿಯ ಅಕ್ಕ. ಅವಳ ದನಿ ಅವಳಿಗಿಂತ ಮುಂಚೆ ಓಣಿ ಹೊಕ್ಕಿತು.

“ಎತ್ತಬ್ಯಾಡ ಆ ಕೊಡ! ಇಳಸು! ಇಳಸು ಅಂತೀನಿ ನಿನಗ!”

ನಳದ ಸುತ್ತ ಏಳೆಂಟು ಹೆಂಗಸರು. ಎಲ್ಲರ ಕೊಡಗಳೂ ಅಲ್ಲಲ್ಲೇ ನಿಂತವು.

“ಏನಾತು ದೊಡ್ಡವ್ವಾ?” ಅತ್ತಿಗೆಯ ಸೊಂಟದ ಮೇಲಿನ ಕೊಡ ವಾಲಿ ನೀರು ಚೆಲ್ಲಿತು.

“ಏನಾತು ಅಂತ ನನ್ನ ಕೇಳ್ತಿ? ಮೂರು ತಿಂಗಳಾಗಿ ಹೋಗ್ಯಾವಂತ! ಹಡದವ್ವಗ ಹೇಳಿಲ್ಲ, ನನಗ ಹೇಳಿಲ್ಲ, ಮೊಬೈಲಿನ್ಯಾಗ ಜಗತ್ತಿಗೆಲ್ಲಾ ಹೇಳೀರಿ!”

“ಯಾರು ಹೇಳಿದ್ರು ನಿನಗ?”

“ಯಾರ್ ಹೇಳ್ತಾರ? ನನ್ನ ಸೀರಿ ಹೇಳ್ತು!” ದೊಡ್ಡವ್ವ ಎದೆ ಬಡಿದುಕೊಂಡಳು. “ಸೊಸಿ ಮೊಬೈಲಿನ್ಯಾಗ ತೋರಿಸಿದ್ಲು. ಹಸರು ಇಳಕಲ್ಲು, ಹಳದಿ ತ್ಯಾಪಿ. ನಾ ನನ್ನ ಕೈಯ್ಯಾರೆ ಹಾಕಿದ ತ್ಯಾಪಿ ನಾ ಗುರ್ತ ಹಿಡಿಯೂದಿಲ್ಲೇನ? ಭೀಮಾ ದಂಡಿ ಮ್ಯಾಲಿನ ಗೆಳತಿಗಿ ನನ್ನ ಸೀರಿ ಯಾರು ಕೊಟ್ರು ಬೇ?”

ಬಾಯಿಯಲ್ಲಿನ ನೊರೆ ಉಗುಳಲೂ ಆಗದೆ ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತಿಗೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಯೊಳಗೆ ಬಂದವರು ಯಾರು ಅಂತ ಗುರುತು ಸಿಗದವರ ಹಾಗೆ ನೋಡಿದಳು.

ಆವತ್ತು ಮಧ್ಯಾಹ್ನ ದೊಡ್ಡವ್ವ ಅಬ್ಬೆತುಮಕೂರಿನ ಮಠದಿಂದ ತಂದ ವಿಭೂತಿ ಅತ್ತಿಗೆಯ ಹಣೆಗೆ ಹಚ್ಚಿ, ತಿನ್ನುವ, ತಿನ್ನದಿರುವ ವಸ್ತುಗಳ ಪಟ್ಟಿ ಹೇಳಿ ಮುಗಿಸಿ ಹೋದ ಮೇಲೆ, ಅತ್ತಿಗೆ ಕೈ ಚಾಚಿ ನನ್ನ ಮೊಬೈಲು ಇಸಕೊಂಡಳು. ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಕೆಳಗಿನ ಮಂದಿಯ ಮಾತುಗಳನ್ನೂ ಓದಿದಳು. ನಾನು ಎದುರಿಗೆ ನಿಂತೇ ಇದ್ದೆ.

“ಛಲೋ ಬರದೀ ಶರಣಿ,” ಅಂದಳು. “ಎಲ್ಲಾ ಖರೇನೇ ಬರದಿ. ಅದಕ್ಕ ನನಗ ಹೆದರಿಕಿ ಬಂತು.”

ಮೊಬೈಲು ವಾಪಸು ಕೊಟ್ಟಳು. ಅಲ್ಲಿಂದ ಮುಂದೆ ಅವಳು ನನ್ನ ಜೊತೆ ಆಡಿದ ಮಾತು ಎಣಿಸಿದಷ್ಟು. ಉಪ್ಪು ಕೊಡು. ಬಾಗಿಲು ಹಾಕು. ಆಯಿಗೆ ಗುಳಿಗಿ ಕೊಟ್ಟಿಯೇನು? ನಾನು ಅಡುಗೆಮನೆಗೆ ಕಾಲಿಟ್ಟರೆ ಅವಳೂ ಆಯಿಯೂ ಆಡುತ್ತಿದ್ದ ಮಾತು ಥಟ್ಟನೆ ನಿಲ್ಲುತ್ತಿತ್ತು. ಇದ್ದಕ್ಕಿದ್ದಂತೆ ಮಳೆಯ ಮಾತು ಬರುತ್ತಿತ್ತು. ನನ್ನನ್ನು ನೋಡಿ ಆಯಿ ಮಾತು ತಿರುಗಿಸುವ ದಿನ ಬಂತಲ್ಲ ಅಂತ ಹಿತ್ತಲಿಗೆ ಹೋಗಿ ಅತ್ತೆ.

ಪೋಸ್ಟು ಅಳಿಸಿದೆ. ಅಳಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಎಷ್ಟು ಮಂದಿ ಅದನ್ನು ಎಲ್ಲೆಲ್ಲಿಗೆ ಒಯ್ದಿದ್ದರೋ. ಎರಡೂ ಕಡೆಯ ಬಳಗದಿಂದ ಫೋನು ಶುರುವಾದವು. ಅಣ್ಣ ಒಂದು ಸಂಜೆ ಗೇಟಿನಿಂದ ಬಂದು ಚಪ್ಪಲಿ ಬಿಡುತ್ತ, ನನ್ನ ಮುಖ ನೋಡದೆ ಹೇಳಿದ: “ದಿನಾ ರೈತರು ನೀರು ಯಾವಾಗ ಬಿಡ್ತೀರಿ ಅಂತ ಕೇಳ್ತಿದ್ರು. ಇವತ್ತ ಒಬ್ಬಾಂವ ‘ಮನಿಯಾಗ ಹ್ಯಾಂಗದಾರ್ರಿ, ಜ್ವಾಕಿ ನೋಡ್ಕೋರಿ’ ಅಂದ. ಅವನ ಹೆಸರು ಸುದ್ದಾ ನನಗ ಗೊತ್ತಿಲ್ಲ.”

ಇನ್ನು ಓದುಗರು. ಬೇರೆ ಏನೇ ಬರೆದರೂ ಅದರ ಕೆಳಗೆ ಬಂದು ಕೇಳುತ್ತಿದ್ದರು: ‘ಅಕ್ಕಾ, ನಿಮ್ಮ ಗೆಳತಿ ಹೇಗಿದ್ದಾರೆ?’ ‘ಐದು ತುಂಬಿತಾ?’ ‘ಏನಾಯ್ತು ಹೇಳಿ ಪ್ಲೀಸ್.’ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು. ಆದರೆ ಒಬ್ಬೊಬ್ಬರು ಕೇಳಿದಾಗಲೂ ನನಗೆ ಅತ್ತಿಗೆಯ ಹೊಟ್ಟೆಗೆ ಯಾರೋ ಕೈ ಚಾಚಿದಂತೆ ಆಗುತ್ತಿತ್ತು. ಬಾಗಿಲು ತೆರೆದವಳು ನಾನು. ಈಗ ಬಂದವರನ್ನು ಹೊರಗೆ ನಿಲ್ಲಿ ಅನ್ನುವುದು ಹೇಗೆ?

ಮಳೆ ಹಿಡಿಯಿತು. ಕರಿಮಣ್ಣು ಕಾಲಿಗಂಟಿ ಕಚೇರಿಗೆ ಹೋಗುವುದೇ ಸಾಹಸ. ನಾರಾಯಣಪುರದಲ್ಲಿ ನೀರು ತುಂಬಿ, ಕಾಲುವೆಗೆ ಬಿಟ್ಟರು. ಆ ವಾಸನೆ ಇಡೀ ಕ್ಯಾಂಪಿಗೆ ಹಬ್ಬಿತ್ತು. ಅತ್ತಿಗೆಗೆ ಅದು ಆಗುತ್ತಿರಲಿಲ್ಲ, ಸೆರಗಿನ ತುದಿ ಮೂಗಿಗೆ ಒತ್ತಿಕೊಂಡೇ ಓಡಾಡುತ್ತಿದ್ದಳು. ನಾನು ನಿತ್ಯ ಬೆಳಿಗ್ಗೆ ಎದ್ದೊಡನೆ ಮೊದಲು ಕಿವಿಗೊಡುತ್ತಿದ್ದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಆವತ್ತಿನ ಮಟ್ಟಿಗೆ ಜೀವ ಬರುತ್ತಿತ್ತು.

ಒಂದು ದಿನ ಅತ್ತಿಗೆ ತನ್ನ ಮೊಬೈಲನ್ನು ನನ್ನ ತಾಟಿನ ಪಕ್ಕ ಇಟ್ಟಳು. ಗುರುಮಠಕಲ್ ಕಡೆಯ ಒಬ್ಬ ದೂರದ ನಂಟ ಬಳಗದ ಗುಂಪಿಗೆ ಕಳಿಸಿದ ಚಿತ್ರ. ಗುಲಾಬಿ ಹೂವು, ಅದರ ಮೇಲೆ ಇಬ್ಬನಿ. ನಡುವೆ ಬಣ್ಣದ ಅಕ್ಷರದಲ್ಲಿ ಅತ್ತಿಗೆಯ ಮಾತು. ‘ಬಂದವರನ್ನ ಸಮಾಧಾನ ಮಾಡೂದ್ರಾಗ ನನಗ ಅಳಾಕ ಯಾಳ್ಯಾನೇ ಸಿಗಲಿಲ್ಲ.’ ಕೆಳಗೆ ಯಾರೋ ಗೊತ್ತಿಲ್ಲದವರ ಹೆಸರು. ಅದರ ಕೆಳಗೆ ‘ಶುಭೋದಯ’.

“ನೋಡಿಲ್ಲಿ,” ಅಂದಳು ಅತ್ತಿಗೆ. “ನನ್ನ ಅಳು ಮಂದಿಗೆಲ್ಲಾ ಶುಭೋದಯ ಆಗ್ಯಾದ.”

ಒಂದು ಕ್ಷಣ ನಗುತ್ತಾಳೇನೋ ಅನಿಸಿತು. ನಗಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋದಳು.

ಆವತ್ತು ಕಚೇರಿಗೆ ರಜೆ ಹಾಕಿ ಪಡಸಾಲೆಯಲ್ಲಿ ಕೂತೆ. ಕ್ಷಮೆ ಕೇಳಬೇಕು ಅನಿಸಿತು. ಬರೆಯತೊಡಗಿದೆ. ‘ಅತ್ತಿಗೆ, ನಿನ್ನ ಮಾತನ್ನು ನಾನು ಕದ್ದೆ’ ಅಂತ ಶುರುಮಾಡಿದ್ದು. ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂತು. ಲಯ ಸರಿಯಿದೆಯೋ ಇಲ್ಲವೋ ಅಂತ ಯಾವಾಗಲೂ ಮಾಡುವ ಹಾಗೆ ಮೆಲ್ಲಗೆ ಓದಿಕೊಂಡೆ. ಹಾಕು ಅನ್ನುವ ಗುಂಡಿಯ ಮೇಲೆ ಬೆರಳಿತ್ತು. ಮೂಲೆಯಲ್ಲಿ ತೊಗರಿ ಆರಿಸುತ್ತಿದ್ದ ಆಯಿ ಮೊರದಿಂದ ಕಣ್ಣೆತ್ತಿದಳು.

“ಯಾರಿಗೆ ಹೇಳಾಕತ್ತೀ ಅದನ್ನ?”

“ಅತ್ತಿಗಿಗೆ, ಆಯಿ.”

“ಅಕಿ ಒಳಗ ಕುಂತಾಳ. ಹತ್ತು ಹೆಜ್ಜಿ ಆಗಂಗಿಲ್ಲ. ನೀ ಯಾಕ ಹೊರಗ ಮಾರಿ ಮಾಡಿ ಹೇಳಾಕತ್ತೀ?”

ಗುಂಡಿಯ ಮೇಲಿದ್ದ ಬೆರಳು ಹಿಂದೆ ತೆಗೆದೆ. ಆಯಿ ಒಂದು ಹರಳು ಆರಿಸಿ ಒಗೆದಳು.

“ನಾ ಕತಿ ಹೇಳುವಾಗ ಯಾರ ಮುಂದ ಹೇಳಾಕತ್ತೀನಿ ಅನ್ನೂದು ನನಗ ಕಾಣ್ತಿತ್ತು. ಯಾರು ಬಂದ್ರು, ಯಾರು ಎದ್ದು ಹೋದ್ರು, ಯಾರ ಮಾರಿ ಸಣ್ಣಾತು. ನಿನಗ ಕಾಣ್ತಾರೇನು ಆ ಮಂದಿ?”

“ಇಲ್ಲ.”

“ಮತ್ತ ಕಣ್ಣು ಮುಚ್ಚಿಕೊಂಡು ಮನಿ ಮಾತು ಹ್ಯಾಂಗ ಬಡಸಾಕತ್ತೀ ಬೇ? ಯಾರಿಗೆ ಎಷ್ಟು ಅಂತ ಹ್ಯಾಂಗ ತಿಳೀತದ ನಿನಗ?”

ಬರೆದದ್ದನ್ನು ಅಳಿಸಿ ಒಳಗೆ ಹೋದೆ. ಅತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಬರೆದಾಗ ಅಷ್ಟು ಚೆಂದ ಬಂದದ್ದು ಬಾಯಿಗೆ ಬರಲೊಲ್ಲದು. “ಅತ್ತಿಗೀ, ತಪ್ಪಾತು,” ಅಂದೆ. ಕಣ್ಣು ತೆರೆಯದೆ ಹೂಂ ಅಂದಳು. ಹೂಂ ಅಂದರೆ ಕೇಳಿಸಿತು ಅಂತಲೋ, ಒಪ್ಪಿದೆ ಅಂತಲೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಪಂಚಮಿಯ ದಿನ ಬೆಳಿಗ್ಗೆ ರೊಟ್ಟಿಯ ಸಪ್ಪಳ ಕೇಳಿಸಲಿಲ್ಲ. ಎದ್ದು ನೋಡಿದರೆ ಅತ್ತಿಗೆ ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಶರಣಿ, ಆಟೋ ಕರಿ,” ಅಂದಳು. “ರಕ್ತ ಕಾಣಿಸ್ಯಾದ.” ಅಣ್ಣ ಗೇಟಿಗೆ ಹೋಗಿಯಾಗಿತ್ತು. ಆಯಿ ದೇವರ ಗೂಡಿನ ಮುಂದೆ ಕೂತವಳು ಏಳಲಿಲ್ಲ. ಶಹಾಪುರದ ತನಕ ಆ ಆಟೋದಲ್ಲಿ ಒಂದೊಂದು ತಗ್ಗು ಬಂದಾಗಲೂ ಮೆಲ್ಲಗೆ ಹೋಗಪ್ಪಾ ಅನ್ನುತ್ತಿದ್ದೆ. ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ ಮೋಡದಲ್ಲಿ ಅರ್ಧ ಮುಳುಗಿತ್ತು. ಅತ್ತಿಗೆ ಎರಡೂ ಕೈಯಿಂದ ಮುಂದಿನ ಸರಳು ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಳು.

ದವಾಖಾನೆಯ ಬೆಂಚಿನ ಮೇಲೆ ಕೂತೆವು. ನನ್ನ ಚೀಲದೊಳಗೆ ಮೊಬೈಲು ಗುಂಯ್ ಗುಂಯ್ ಅನ್ನುತ್ತಿತ್ತು. ಯಾರೋ ಪಂಚಮಿಯ ಶುಭಾಶಯ ಕಳಿಸುತ್ತಿದ್ದರು, ಯಾರೋ ಗೆಳತಿಯ ಸುದ್ದಿ ಕೇಳುತ್ತಿದ್ದರು. ತೆಗೆದು ಬಂದ್ ಮಾಡಿದೆ. ಅತ್ತಿಗೆ ಅದನ್ನು ನೋಡಿದಳು.

“ಇದನ್ನೂ ಬರೀತಿಯೇನು?”

ಚುಚ್ಚಬೇಕೆಂದು ಕೇಳಿದ ದನಿಯಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ಈ ಹೊತ್ತಿನಲ್ಲಿ ತನ್ನ ಮುಖ ಹೇಗಿರಬೇಕು, ಬಾಯಿಂದ ಏನು ಬರಬಹುದು, ಏನು ಬರಬಾರದು ಅಂತ. ನನಗೆ ತಡೆಯಲಾಗಲಿಲ್ಲ, ಅಳು ಒತ್ತರಿಸಿ ಬಂತು. ಅತ್ತಿಗೆ ನನ್ನ ಕಡೆ ತಿರುಗಿ ಹೇಳಿದಳು:

“ಈಗ ನಿನ್ನೂ ನಾ ಸಮಾಧಾನ ಮಾಡಬೇಕೇನು?”

ಅಳು ನಿಂತೇ ಹೋಯಿತು. ನುಂಗಿಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು, ನೀರಿನ ಬಾಟಲಿ ತೆಗೆದು ಅವಳ ಕೈಗಿಟ್ಟೆ. ಆಮೇಲೆ ಅವಳು ಅತ್ತಳು. ಗೋಡೆಯ ಕಡೆ ತಿರುಗಿ, ಸಪ್ಪಳವಿಲ್ಲದೆ. ನಾನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಓಡಾಡುವ ಮಂದಿಗೆ ಅವಳ ಮುಖ ಕಾಣದ ಹಾಗೆ ಎದ್ದು ಅಡ್ಡ ನಿಂತೆ. ಆ ಎರಡೂವರೆ ತಿಂಗಳಲ್ಲಿ ನಾನು ಅವಳಿಗೆ ಮಾಡಿದ ಮೊದಲ ಉಪಕಾರ ಅದೊಂದೇ.

ಡಾಕ್ಟರಮ್ಮ ನೋಡಿ, “ಕೂಸಿನ ಎದಿ ಬಡಿತ ಛಲೋ ಅದ. ಹದಿನೈದು ದಿನ ಹಾಸಿಗಿ ಬಿಟ್ಟು ಏಳಂಗಿಲ್ಲ,” ಅಂದರು. ಅತ್ತಿಗೆ ಹೊರಗೆ ಹೋದ ಮೇಲೆ ನಾನು ಹಿಂದೆ ಉಳಿದು, ಮಂದಿಯ ಮಾತಿನಿಂದ, ಚಿಂತೆಯಿಂದ ಹೀಗಾಗಿರಬಹುದೇನ್ರಿ ಅಂತ ಕೇಳಿದೆ. “ಅದೆಲ್ಲಾ ತಲಿಗಿ ಹಚ್ಚಿಕೋಬ್ಯಾಡ್ರಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ,” ಅಂದರು. ಅವರ ಮಾತು ತಲೆಗೆ ತಿಳಿಯಿತು. ಎದೆಗೆ ತಿಳಿಯಲಿಲ್ಲ.

ಆ ಹದಿನೈದು ದಿನ ರಜೆ ಬರೆದು ಕೊಟ್ಟು ನಾನೇ ರೊಟ್ಟಿ ಬಡಿದೆ, ನೀರು ಹೊತ್ತೆ. ಎಲ್ಲಕ್ಕಿಂತ ದೊಡ್ಡ ಕೆಲಸ ಬಾಗಿಲು ಕಾಯುವುದು. ಬಂದವರಿಗೆ, “ಮಲಗ್ಯಾಳ್ರಿ, ಮತ್ತೊಮ್ಮೆ ಬರ್ರಿ,” ಅನ್ನಬೇಕು. ಹೇಳಲು ಎಷ್ಟು ಸುಲಭ! ಚಹಾ ಕುಡಿಸದೆ ಯಾರನ್ನೂ ಹೊಸ್ತಿಲಿನಿಂದ ಕಳಿಸಿದ ಮನೆಯಲ್ಲ ನಮ್ಮದು. ಮೊದಲ ಸಲ ಬಂದವರ ಮುಖ ಬಿಟ್ಟು ಅವರ ಚಪ್ಪಲಿ ನೋಡುತ್ತ ಹೇಳಿದೆ. ದೊಡ್ಡವ್ವ ಚೀಲ ಹಿಡಿದು ಬಂದಾಗ ಹೊಸ್ತಿಲಿಗೆ ಅಡ್ಡ ನಿಂತು, “ಇಲ್ಲೇ ಕಟ್ಟಿ ಮ್ಯಾಲ ಕುಂದ್ರು ದೊಡ್ಡವ್ವಾ, ಅಕಿ ಕರದಾಗ ಒಳಗ ಹೋಗೀಯಂತ,” ಅಂದೆ.

“ನನ್ನ ಮಗಳ ಮನಿಯಾಗ ನನಗ ಪರ್ವಾನಗಿ ಬೇಕೇನ?”

“ಬೇಕು.”

ದುರುಗುಟ್ಟಿ ನೋಡಿದಳು. ಏನನ್ನಿಸಿತೋ, ಚೀಲ ಇಳಿಸಿ ಕಟ್ಟೆಯ ಮೇಲೆ ಕೂತು, ಅಲ್ಲಿದ್ದ ನಮ್ಮ ಶೇಂಗಾ ಒಡೆಯತೊಡಗಿದಳು. ಒಂದು ತಾಸಾದ ಮೇಲೆ ನೋಡುತ್ತೇನೆ, ಎದುರು ಮನೆಯಾಕೆ ಬಂದರೆ ದೊಡ್ಡವ್ವನೇ ಕೈ ಅಡ್ಡ ಹಿಡಿದಿದ್ದಾಳೆ: “ಎಲ್ಲಿಗೆ ನಡದಿ? ಮಲಗ್ಯಾಳ. ನನ್ನೇ ಬಿಟ್ಟಿಲ್ಲ, ನಿನ್ನ ಬಿಡ್ತಾರೇನು?” ಒಳಗಿನಿಂದ ಅತ್ತಿಗೆಯ ನಗೆ ಕೇಳಿಸಿತು. ಸಣ್ಣದು, ಆದರೆ ನಗೆಯೇ.

ಆವತ್ತು ಸಂಜೆ ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಅವಳೇ ಮಾತು ತೆಗೆದಳು.

“ಬರಿಯೂದು ಬಿಟ್ಟಿಯಂತ. ಆಯಿ ಹೇಳಿದ್ಲು.”

“ಬಿಟ್ಟೀನಿ.”

“ಬಿಡು ಅಂತ ಯಾರು ಅಂದ್ರು ನಿನಗ? ನಿಂದು ಬರಿ. ನಿನ್ನ ಕಚೇರಿ ಬರಿ, ಬಸ್ಸು ಬರಿ. ಆಯಿದು ಬೇಕಂದ್ರ ಆಯಿನ್ನ ಕೇಳು. ನಂದು ಬೇಕಂದ್ರ ಮೊದಲು ನನ್ನ ಮುಂದ ಓದು. ನಾ ಹೂಂ ಅಂದಮ್ಯಾಲ ಹಾಕು.”

“ಊಹೂಂ ಅಂದ್ರ?”

“ಊಹೂಂ ಅಂದ್ರ ಇಲ್ಲ. ಯಾಕ ಅಂತ ಕೇಳಬಾರದು. ಆ ‘ಯಾಕ’ ಹೇಳಾಕ ಕುಂತೆ ಅಂದ್ರ ಮತ್ತೊಂದು ಕತಿ ಆಗ್ತದ ನಿನಗ.”

ಇಬ್ಬರೂ ನಕ್ಕೆವು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈಯಲ್ಲಿ ಎಣ್ಣೆ.

ಆಗ ಇನ್ನೊಂದು ಸಂಗತಿ ಹೇಳಿದೆ. ಆ ಪೋಸ್ಟು ಓದಿ ಒಬ್ಬ ಹೆಣ್ಣುಮಗಳು ನನಗೆ ಖಾಸಗಿಯಾಗಿ ಬರೆದಿದ್ದಳು. ಅವಳಿಗೂ ಹೀಗೇ ಆಗಿತ್ತಂತೆ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲವಂತೆ, ಈ ಸಾಲು ಓದಿ ಮೊದಲ ಸಲ ಅತ್ತಳಂತೆ. ಎರಡು ತಿಂಗಳ ಮೇಲಾಗಿತ್ತು, ನಾನು ಉತ್ತರ ಕೊಟ್ಟಿರಲಿಲ್ಲ. ಹೆದರಿಕೆ. ಅತ್ತಿಗೆ ಸೂರು ನೋಡುತ್ತಿ‍ದ್ದು, “ಅಕಿಗೆ ಬರಿ,” ಅಂದಳು. “ನಾನೂ ಕೇಳೀನಿ ಅಂತ ಬರಿ. ಅಕಿಗೊಬ್ಬಾಕಿಗೇ ಬರಿ, ಎಲ್ಲಾರ ಮುಂದ ಬ್ಯಾಡ.”

ಬರೆದೆ. ಅದನ್ನೂ ಅವಳ ಮುಂದೆ ಓದಿ ತೋರಿಸಿಯೇ ಕಳಿಸಿದೆ.

ಗೆಳತಿಯ ಸುದ್ದಿ ಕೇಳುವವರಿಗೆಲ್ಲ ಒಂದೇ ಉತ್ತರ ಬರೆದೆ: ‘ಅದು ನಾನು ಹೇಳಬಾರದ ಮಾತಾಗಿತ್ತು. ಇನ್ನು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.’ ಕೆಲವರು ಸಿಟ್ಟಾದರು. ಕತೆ ಅರ್ಧಕ್ಕೆ ಬಿಟ್ಟು ಹೋಗುವುದು ಮೋಸ ಅಂದರು. ಬಹಳ ಮಂದಿ ಮೆಲ್ಲಗೆ ಬಿಟ್ಟು ಹೋದರು. ಅವರು ಹೋದದ್ದು ನನಗೆ ನೋಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಈಗಲೂ ಬರೆಯುತ್ತೇನೆ, ಕಡಿಮೆ. ಬರೆದದ್ದು ಎಷ್ಟೋ ದಿನ ವಹಿಯಲ್ಲೇ ಕೂತಿರುತ್ತದೆ. ಇದರೊಳಗೆ ಯಾರಿದ್ದಾರೆ, ಅವರಿಗೆ ಗೊತ್ತಿದೆಯೇ ಅಂತ ಕೇಳಿಕೊಳ್ಳುತ್ತೇನೆ. ಹಾಕುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.

ಹೋದ ವಾರ ಆ ಬಸ್ಸಿನಲ್ಲಿ ನಾನು ಹೊರಟಿದ್ದದ್ದು ಅತ್ತಿಗೆಯ ಹತ್ತಿರಕ್ಕೇ. ಅಣ್ಣನಿಗೆ ಈಗ ಸುರಪುರದ ಕಡೆ ಕೆಲಸ. ಊಟವಾದ ಮೇಲೆ ಕೇಳಿದೆ, ಆ ಮಳೆಗಾಲದ್ದು ಬರೀಲೇನು ಅಂತ. ಮೂರನೆಯ ದಿನ ಮೆಂತ್ಯೆ ಸೊಪ್ಪು ಸೋಸುತ್ತ, “ಬರದು ಓದು,” ಅಂದಳು. ಬರೆದು, ಇಡೀ ಓದಿದೆ. ಗುಲಾಬಿ ಹೂವಿನ ಹತ್ತಿರ ನಕ್ಕಳು. ಬೆಂಚಿನ ಹತ್ತಿರ ಕೈ ಕೆಲಸ ನಿಲ್ಲಿಸಿದಳು. ತನ್ನ ಆ ಮಾತನ್ನು ಇನ್ನೊಮ್ಮೆ ಓದಿಸಿ, “ಇರಲಿ, ಈಗ ಅದು ಹಳೇದಾತು,” ಅಂದಳು. ಮೂರು ಕಡೆ ಊಹೂಂ ಅಂದಳು. ಅದರಲ್ಲಿ ಒಂದು, ಇಡೀ ಬರಹದಲ್ಲಿ ನನಗೆ ಅತೀ ಪ್ರೀತಿಯ ಭಾಗ. ತೆಗೆದೆ. ಯಾಕೆ ಅಂತ ಕೇಳಲಿಲ್ಲ.

“ಓದಿದವರು ಮುಂದ ಏನಾತು ಅಂತ ಕೇಳ್ತಾರ ಅತ್ತಿಗೀ. ಏನು ಬರೀಲಿ?”

“ಹೆರಿಗಿ ಆತು, ಕೂಸು ಛಲೋ ಅದ ಅಂತ ಬರಿ.”

“ಗಂಡೋ ಹೆಣ್ಣೋ, ಹೆಸರೇನು, ಯಾರ ಹಂಗದ ಅಂತ ಕೇಳಿದ್ರ?”

“ಮನಿಗಿ ಬರ್ರಿ ಅನ್ನು. ಚಹಾ ಕುಡದು, ಕೂಸಿನ್ನ ಮಾತಾಡಿಸಿ ಹೋಗ್ರಿ ಅನ್ನು.”

“ಮತ್ತ ವಿಳಾಸ ಬರೀಲೇನು?”

ಅತ್ತಿಗೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು.

“ನಮ್ಮ ಗುರ್ತು ಇದ್ದವರಿಗೆ ವಿಳಾಸ ಗೊತ್ತದ.”